ಕಿಟಕಿಯಲ್ಲಿ ಹೇಳಿದ ‘ಪರವಾಗಿಲ್ಲ’

ಪುಯೆರ್ತೊ ಇಟಾ
ಭಾನುವಾರ, ಮಧ್ಯಾಹ್ನ

ಮುದ್ದು ಯೆರುತಿ,

ನಿನ್ನ ಸಂದೇಶ ಬಂದು ಇಂದಿಗೆ ನಾಲ್ಕು ದಿನ. ಫೋನಿನಲ್ಲಿ ಮೂರೇ ಮೂರು ಸಾಲು. ಅದಕ್ಕೆ ಉತ್ತರ ಬರೆಯಲು ಕೂತೆ, ಎದ್ದೆ, ಅಂಗಳ ಗುಡಿಸಿದೆ, ಗುಡಿಸಿದ್ದನ್ನೇ ಮತ್ತೆ ಗುಡಿಸಿದೆ, ಒಂದಿಷ್ಟು ಬರೆದೆ, ಅಳಿಸಿದೆ. ಫೋನಿನಲ್ಲಿ ಅಳಿಸುವುದು ಬಲು ಸುಲಭ. ಅದಕ್ಕೇ ಕಾಗದ ಹಿಡಿದಿದ್ದೇನೆ. ಇದರಲ್ಲಿ ಹೊಡೆದು ಹಾಕಿದರೂ ಹೊಡೆದು ಹಾಕಿದ ಗುರುತು ಉಳಿಯುತ್ತದೆ, ನಿನಗೆ ಕಾಣುತ್ತದೆ.

ನೀನು ಬರೆದದ್ದು ಇಷ್ಟು. ಅಸುನ್ಸಿಯೋನಿನ ನಿನ್ನ ನರ್ಸಿಂಗ್ ತರಗತಿಯಲ್ಲಿ ಮೊನ್ನೆ ಡೆಂಗಿ ಬಂದ ಮಕ್ಕಳ ರಕ್ತಪರೀಕ್ಷೆಯ ಪಾಠ ಆಯಿತು. ನಿನಗೆ ಆರು ವರ್ಷವಾಗಿದ್ದಾಗ ಬಂದ ಕಾಯಿಲೆ ನೆನಪಾಗಿ ಅವತ್ತು ಸಂಜೆ ಅಮ್ಮನಿಗೆ ಫೋನು ಮಾಡಿ ಕೇಳಿದೆ. ಅವಳು ಬಾಯಿ ಬಿಡಲಿಲ್ಲ. ಸಿಟ್ಟಿನಲ್ಲಿ ‘ನೀನು ನನ್ನನ್ನ ಸಾಯಿಸಿಬಿಡ್ತಿದ್ದೆ’ ಅಂದೆ. ಅವಳು ಫೋನು ಇಟ್ಟಳು. ಆಮೇಲೆ ನನಗೆ ಬರೆದೆ: ‘ದೊಡ್ಡಮ್ಮ, ಅವತ್ತು ಲ್ಯಾಬಲ್ಲಿ ಇದ್ದವಳು ನೀನೇ. ಅಜ್ಜಿ ಹೇಳೋದು ನಿಜಾನಾ? ನನ್ನ ರಕ್ತದಲ್ಲಿ ಏನೇನು ಎಷ್ಟೆಷ್ಟು ಬಂದಿತ್ತು?’

ಅಜ್ಜಿ ಹೇಳುವುದು ನನಗೂ ಬಾಯಿಪಾಠ. ನಿನ್ನಪ್ಪನ ತಾಯಿ ದೆಯೊಲಿಂದಾ ಹದಿಮೂರು ವರ್ಷದಿಂದ ಅದನ್ನು ಅರೋಯೊ ಪೊರಾ ಹಳ್ಳಿಯ ಮನೆಮನೆಯಲ್ಲಿ, ಪ್ರಾರ್ಥನಾ ಮಂದಿರದ ಬಾಗಿಲಲ್ಲಿ, ಬುಯೆನೋಸ್ ಐರೆಸಿನಲ್ಲಿ ಗಾರೆ ಕೆಲಸ ಮಾಡುವ ಮಗನ ಫೋನಿನಲ್ಲಿ ಹೇಳುತ್ತಲೇ ಬಂದಿದ್ದಾಳೆ. ಡಾಕ್ಟರು ಬೇಡ ಅಂದರೂ ಸೊಸೆ ನಿಮಿಯಾ ಮೊಂಡು ಹಿಡಿದು ಕೂಸನ್ನು ಆಸ್ಪತ್ರೆಯಿಂದ ಎತ್ತಿಕೊಂಡು ಬಂದಳು, ಕೂಸು ಸತ್ತು ಬದುಕಿತು ಅಂತ.

ಯೆರುತಿ, ಅದು ನಿಜವಲ್ಲ. ನಿಜ ಯಾವುದು ಅಂತ ಗೊತ್ತಿರುವುದು ಇಬ್ಬರಿಗೆ. ಒಬ್ಬಳು ನಿನ್ನಮ್ಮ, ಇನ್ನೊಬ್ಬಳು ನಾನು. ಅವಳು ಹೇಳಲಿಲ್ಲ. ನಾನು ಹೇಳಬೇಕಾಗಿತ್ತು, ಹೇಳಲಿಲ್ಲ. ಇವೆರಡೂ ಒಂದೇ ಅಲ್ಲ. ಓದುತ್ತಾ ಹೋದಂತೆ ನಿನಗೆ ಗೊತ್ತಾಗುತ್ತದೆ.

ಆ ಫೆಬ್ರವರಿಯಲ್ಲಿ ನಮ್ಮ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಹದಿನಾಲ್ಕು ಮಂಚ, ಇಪ್ಪತ್ತೊಂಬತ್ತು ಮಕ್ಕಳು. ಒಂದು ಮಂಚಕ್ಕೆ ಇಬ್ಬರು, ಒಬ್ಬರ ಕಾಲು ಇನ್ನೊಬ್ಬರ ತಲೆಯ ಕಡೆ. ಹೊರಗೆ ಕಾರ್ನಿವಲ್ ಹಬ್ಬಕ್ಕೆ ಡೋಲು ಬಾರಿಸಿ ಅಭ್ಯಾಸ ಮಾಡುತ್ತಿದ್ದರು, ಒಳಗೆ ಮಕ್ಕಳು ನರಳುತ್ತಿದ್ದವು. ಬೀದಿಗೆ ಸೊಳ್ಳೆ ಹೊಗೆಯ ಗಾಡಿ ಬಂದರೆ ಲ್ಯಾಬಿನ ಕಿಟಕಿ ಮುಚ್ಚಬೇಕು, ಮುಚ್ಚಿದರೆ ಉಸಿರು ಕಟ್ಟುವ ಸೆಕೆ. ಲ್ಯಾಬಿನಲ್ಲಿ ಇದ್ದದ್ದು ದೋನ್ ವಿಲ್ಫ್ರಿದೊ ಮತ್ತು ನಾನು. ನನಗೆ ಈ ಕೆಲಸ ಕಲಿಸಿದ ಮುದುಕ ಅವರು. ರಕ್ತದ ಕಣಗಳನ್ನು ಎಣಿಸುವ ಯಂತ್ರ ಒಂದೇ ಒಂದು ಇತ್ತು, ಅದು ದಿನಕ್ಕೆ ಎರಡು ಸಲ ಮುನಿಸಿಕೊಂಡು ಏನೇನೋ ಅಂಕಿ ಉಗುಳುತ್ತಿತ್ತು. ಅಂಥ ಹೊತ್ತಿನಲ್ಲಿ ಕೂದಲಿನಂಥ ಗಾಜಿನ ನಳಿಕೆಗೆ ರಕ್ತ ಏರಿಸಿ, ಗಿರಗಿರನೆ ತಿರುಗಿಸಿ, ಕೆಂಪು ಎಲ್ಲಿಯವರೆಗೆ ನಿಂತಿದೆ ಅಂತ ಕಣ್ಣಲ್ಲಿ ಅಳೆಯಬೇಕು. ಯಂತ್ರವನ್ನು ನಂಬದಿದ್ದರೆ ಆ ಕ್ಷಣವೇ ಕಣ್ಣಲ್ಲಿ ನೋಡು, ಆಮೇಲೆ ನೋಡೋಣ ಅಂತ ಇಡಬೇಡ ಅಂತ ದೋನ್ ವಿಲ್ಫ್ರಿದೊ ನೂರು ಸಲ ಹೇಳಿದ್ದರು.

ನಿನ್ನ ಅಂಕಿಗಳನ್ನು ಕೇಳಿದ್ದೀಯಲ್ಲ, ಇಲ್ಲಿವೆ. ಎಲ್ಲೂ ಬರೆದಿಟ್ಟಿಲ್ಲ, ಮರೆತೂ ಇಲ್ಲ.

ಮಂಗಳವಾರ, ಜ್ವರದ ಮೂರನೇ ದಿನ: ಬಿಳಿ ರಕ್ತಕಣ ಎರಡು ಸಾವಿರದ ಎಂಟುನೂರು, ಇರಬೇಕಾದದ್ದರ ಅರ್ಧಕ್ಕಿಂತ ಕಡಿಮೆ. ಪ್ಲೇಟ್ಲೆಟ್ ಒಂದು ಲಕ್ಷ ಮೂವತ್ತೊಂದು ಸಾವಿರ. ಹೆಮಟೋಕ್ರಿಟ್, ಅಂದರೆ ನೂರು ಪಾಲು ರಕ್ತದಲ್ಲಿ ಕೆಂಪು ಕಣಗಳ ಪಾಲು, ಮೂವತ್ತಾರು. ಬುಧವಾರ ಪ್ಲೇಟ್ಲೆಟ್ ತೊಂಬತ್ತೇಳು ಸಾವಿರಕ್ಕೆ ಇಳಿಯಿತು. ಹೆಮಟೋಕ್ರಿಟ್ ಮೂವತ್ತೆಂಟು. ನಿನಗೆ ಮೈಯೆಲ್ಲ ಕೆಂಡ. ಕಣ್ಣಿನ ಹಿಂದೆ ನೋವು ಅಂತ ಅಳುತ್ತಿದ್ದೆ, ನನ್ನ ಬಿಳಿ ಕೋಟು ಕಂಡರೆ ಕೈಯನ್ನು ಬೆನ್ನ ಹಿಂದೆ ಬಚ್ಚಿಡುತ್ತಿದ್ದೆ.

ಗುರುವಾರ ಬೆಳಿಗ್ಗೆ ನಾನು ಬರುವಷ್ಟರಲ್ಲಿ ನಿನ್ನ ಜ್ವರ ಬಿಟ್ಟಿತ್ತು. ಬೆವೆತು ತಂಪಾಗಿದ್ದೆ, ಗೇಟಿನ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂರುವ ಹೆಂಗಸಿನಿಂದ ಚಿಪಾ ರೊಟ್ಟಿ ಬೇಕು ಅಂದೆ. ನಿಮಿಯಾ ಐದು ದಿನದಲ್ಲಿ ಮೊದಲ ಸಲ ತಲೆ ಬಾಚಿಕೊಂಡಿದ್ದಳು. ನಾನು ನಿನ್ನ ರಕ್ತ ತೆಗೆದುಕೊಂಡು ಹೋದೆ. ಯಂತ್ರ ಹೇಳಿತು: ಪ್ಲೇಟ್ಲೆಟ್ ತೊಂಬತ್ತೆರಡು ಸಾವಿರ, ಹೆಮಟೋಕ್ರಿಟ್ ನಲವತ್ತನಾಲ್ಕು.

ನಲವತ್ತನಾಲ್ಕು. ನೀನು ಈಗ ಕಲಿತಿದ್ದೀಯ, ನಿನಗೆ ಅರ್ಥವಾಗುತ್ತದೆ. ರಕ್ತದೊಳಗಿನ ನೀರು ನಾಳದಿಂದ ಹೊರಗೆ ಸೋರಿಹೋಗಿ, ಒಳಗೆ ಉಳಿದದ್ದು ಒಲೆಯ ಮೇಲೆ ಬತ್ತಿದ ಸಾರಿನ ಹಾಗೆ ಗಟ್ಟಿಯಾಗುತ್ತಿದೆ. ಜ್ವರ ಇಳಿದಾಗಲೇ ಅದು ಶುರುವಾಗುವುದು. ನನಗೂ ಗೊತ್ತಿತ್ತು. ಆದರೆ ಆಗಷ್ಟೇ ನೀನು ಚಿಪಾ ಕೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೆ. ಯಂತ್ರ ಮತ್ತೆ ಕೆಟ್ಟಿತು ಅಂದುಕೊಂಡೆ. ನಿನ್ನ ನಳಿಕೆಯನ್ನು ಕಣ್ಣಲ್ಲಿ ನೋಡಬೇಕು ಅಂತ ಪಕ್ಕದ ಸ್ಟ್ಯಾಂಡಿನಲ್ಲಿ ಇಟ್ಟೆ. ಆಮೇಲೆ ನೋಡೋಣ ಅಂತ. ಮೇಜಿನ ಮೇಲೆ ವಾರ್ಡಿನದೂ ಹೊರಗಿನಿಂದ ಬಂದದ್ದೂ ಸೇರಿ ಇನ್ನೂ ಅರವತ್ತು ಮಕ್ಕಳ ರಕ್ತ ಕಾಯುತ್ತಿತ್ತು.

ಆಗ ನಿಮಿಯಾ ಲ್ಯಾಬಿನ ಕಿಟಕಿಗೆ ಬಂದಳು. ಆ ವರ್ಷ ಊರಿನಲ್ಲಿ ಎಲ್ಲ ತಾಯಂದಿರ ಬಾಯಲ್ಲೂ ಪ್ಲೇಟ್ಲೆಟ್ ಒಂದೇ ಮಾತು. ಅವಳು ಕೇಳಿದ್ದೂ ಅದನ್ನೇ.

‘ಅಕ್ಕ, ಪ್ಲೇಟ್ಲೆಟ್ ಎಷ್ಟು ಬಂತು?’

‘ತೊಂಬತ್ತೆರಡು ಸಾವಿರ. ನಿನ್ನೆಗಿಂತ ಜಾಸ್ತಿ ಏನೂ ಇಳಿದಿಲ್ಲ.’

‘ಹಾಗಾದ್ರೆ ಪರವಾಗಿಲ್ವಾ?’

‘ಪರವಾಗಿಲ್ಲ.’

ಅವಳು ಕಿಟಕಿಯ ಸರಳು ಹಿಡಿದು ಒಂದು ನಿಮಿಷ ನಿಂತಳು. ನಿನ್ನ ಜೊತೆ ಒಂದೇ ಮಂಚದಲ್ಲಿದ್ದ ಮಗುವಿನ ಮೂಗಿನಿಂದ ರಕ್ತ ಬರುತ್ತಿದೆ, ನೀನು ಅದನ್ನು ನೋಡಿ ಹೆದರುತ್ತಿದ್ದೀಯ ಅಂದಳು. ಮನೆಗೆ ಕರ್ಕೊಂಡು ಹೋಗ್ಲಾ ಅಂತ ಕೇಳಿದಳು. ಡಾಕ್ಟರು ಹತ್ತು ಗಂಟೆಗೆ ಬರುತ್ತಾರೆ, ಅವರನ್ನು ಕೇಳು ಅಂತ ಹೇಳಬೇಕಾದ ಜಾಗದಲ್ಲಿ ನಾನು ಹೇಳಿದ್ದು ಇದು: ‘ಇಲ್ಲಿ ಒಂದು ಮಂಚಕ್ಕೆ ಇಬ್ಬಿಬ್ರು. ಮನೇಲಾದ್ರೆ ಮಗು ನೆಮ್ಮದಿಯಾಗಿ ಮಲಗುತ್ತೆ.’

ಅಷ್ಟೇ. ನಿನ್ನಮ್ಮ ನರ್ಸಿಗೆ ಹೇಳಿದಳು, ನರ್ಸ್ ತಲೆ ಎತ್ತದೆ ಆಗಲಿ ಅಂದಳು. ಪಕ್ಕದ ಮನೆಯವನ ಮೋಟರ್ ಸೈಕಲ್ಲಿನಲ್ಲಿ ನಿನ್ನನ್ನು ನಡುವೆ ಕೂರಿಸಿಕೊಂಡು ಅರೋಯೊ ಪೊರಾಕ್ಕೆ ಹೊರಟಳು. ಹನ್ನೊಂದು ಕಿಲೋಮೀಟರ್ ಕೆಂಪು ಮಣ್ಣಿನ ದಾರಿ. ಯಾವ ಡಾಕ್ಟರೂ ಬೇಡ ಅನ್ನಲಿಲ್ಲ. ಡಾಕ್ಟರು ಬರುವ ಮೊದಲೇ ನಾನು ಆಗಲಿ ಅಂದಿದ್ದೆ.

ಈಗ ಒಂದು ಲೋಟ ನೀರು ಕುಡಿದು ಬಂದೆ. ಮುಂದಿನದನ್ನು ಬರೆಯದೆ ಇವತ್ತು ಏಳುವುದಿಲ್ಲ.

ಹನ್ನೆರಡೂವರೆಗೆ ಕೈ ತೊಳೆಯಲು ಎದ್ದಾಗ ಸ್ಟ್ಯಾಂಡಿನಲ್ಲಿ ನಿನ್ನ ಹೆಸರಿನ ನಳಿಕೆ ಕಂಡಿತು. ತಿರುಗಿಸಲು ಇಟ್ಟೆ. ಐದು ನಿಮಿಷ. ತೆಗೆದು ಅಳತೆಪಟ್ಟಿಗೆ ಹಿಡಿದೆ. ನಲವತ್ತೈದು. ಯಂತ್ರ ಕೆಟ್ಟಿರಲಿಲ್ಲ. ಮಂಗಳವಾರದ ಮೂವತ್ತಾರು, ಗುರುವಾರದ ನಲವತ್ತೈದು. ವಾರ್ಡಿಗೆ ಓಡಿದೆ. ನಿನ್ನ ಜಾಗದಲ್ಲಿ ಬೇರೆ ಮಗು ಮಲಗಿತ್ತು. ಡಾಕ್ಟರ್ ಇನ್ಸ್‌ಫ್ರಾನ್ ಚೀಟಿ ನೋಡಿದರು, ನನ್ನ ಮುಖ ನೋಡಿದರು. ಈ ಮಗು ಎಲ್ಲಿ ಅಂತ ಕೇಳಿದರು. ಮನೆಗೆ ಹೋಯಿತು ಅಂದೆ. ಹೋಗಿ ಕರೆತನ್ನಿ, ಈಗಲೇ, ಅಂದರು. ಆಂಬುಲೆನ್ಸ್ ಬೇರೆ ಊರಿಗೆ ಹೋಗಿತ್ತು. ದೋನ್ ವಿಲ್ಫ್ರಿದೊ ಒಂದು ಪ್ರಶ್ನೆಯನ್ನೂ ಕೇಳದೆ ತಮ್ಮ ಹಳೇ ಪಿಕಪ್ಪಿನ ಕೀಲಿ ತೆಗೆದುಕೊಂಡು ಕೋಟು ಸಮೇತ ಹೊರಗೆ ನಡೆದರು.

ನಾವು ತಲುಪಿದಾಗ ಅರೋಯೊ ಪೊರಾ ಪೂರ್ತಿ ಮಧ್ಯಾಹ್ನದ ನಿದ್ದೆಯಲ್ಲಿತ್ತು. ನೀನು ಮಾವಿನ ಮರದ ಕೆಳಗೆ ಜೋಲಿಯಲ್ಲಿ ಮಲಗಿದ್ದೆ. ಅಜ್ಜಿ ಬೀಸಣಿಗೆ ಬೀಸುತ್ತಿದ್ದಳು. ಸದ್ದು ಮಾಡಬೇಡ, ಐದು ದಿನದ ನಿದ್ದೆ ಬಾಕಿ ಇದೆ, ಮಲಗಲಿ ಬಿಡು ಅಂದಳು. ನಾನು ನಿನ್ನ ಪಾದ ಮುಟ್ಟಿದೆ. ನಲವತ್ತೊಂದು ಡಿಗ್ರಿ ಬಿಸಿಲಿನಲ್ಲಿ ನಿನ್ನ ಪಾದ ಬಾವಿಯ ಕಲ್ಲಿನ ಹಾಗೆ ತಣ್ಣಗಿತ್ತು. ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟರೆ ಬೆಳ್ಳಗಾದದ್ದು ಕೆಂಪಾಗಲು ಒಲ್ಲದು. ಕೈಯ ನಾಡಿ ಸಿಕ್ಕಿತು ಅನ್ನುವಷ್ಟರಲ್ಲಿ ಜಾರಿಹೋಗುತ್ತಿತ್ತು. ಕಣ್ಣು ಅರೆ ತೆರೆದು ಹೊಟ್ಟೆ ನೋವು ಅಂದೆ.

ನಿಮಿಯಾ ಅಡುಗೆ ಮನೆಯ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ಮೊಂಡು ಹಿಡಿದಳು ಅನ್ನುತ್ತಾರಲ್ಲ, ಕೇಳು. ಅವಳು ಯಾಕೆ ಅಂತ ಕೂಡ ಕೇಳಲಿಲ್ಲ. ನಿನ್ನನ್ನು ಜೋಲಿಯಿಂದ ಎತ್ತಿ, ಚಪ್ಪಲಿಯನ್ನೂ ಮೆಟ್ಟದೆ ಪಿಕಪ್ಪಿಗೆ ಓಡಿದಳು. ದಾರಿಯುದ್ದಕ್ಕೂ ನಿನ್ನ ಬಾಯಿಗೆ ಚಮಚದಲ್ಲಿ ನೀರು ಬಿಡುತ್ತಿದ್ದಳು. ಹನ್ನೊಂದು ಕಿಲೋಮೀಟರಿನಲ್ಲಿ ಒಂದೇ ಮಾತು ಆಡಿದಳು, ಅದೂ ನನ್ನ ಕಡೆ ತಿರುಗದೆ.

‘ಪರವಾಗಿಲ್ಲ ಅಂದಿದ್ಯಲ್ಲ ಅಕ್ಕ.’

ದೋನ್ ವಿಲ್ಫ್ರಿದೊ ಗೇರು ಬದಲಿಸಿದರು.

ಆಸ್ಪತ್ರೆಯಲ್ಲಿ ನಿನ್ನ ನರ ಸಿಗಲಿಲ್ಲ, ಎಲ್ಲ ಒಳಗೆ ಅಂಟಿಕೊಂಡಿದ್ದವು. ಮೂರನೇ ಪ್ರಯತ್ನಕ್ಕೆ ಪಾದದ ಮೇಲೆ ಒಂದು ಸಿಕ್ಕಿತು, ಸಲೈನ್ ಹೋಯಿತು. ಆಗ ಹೆಮಟೋಕ್ರಿಟ್ ನಲವತ್ತೆಂಟು, ಪ್ಲೇಟ್ಲೆಟ್ ಮೂವತ್ತೆಂಟು ಸಾವಿರ. ಒಂದು ಗಂಟೆಯ ನಂತರ ನಲವತ್ತಮೂರು. ನಿನ್ನನ್ನು ದೊಡ್ಡ ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ಕಳಿಸುವುದೆಂದು ಡಾಕ್ಟರ್ ತೀರ್ಮಾನಿಸಿದರು. ಅಷ್ಟರಲ್ಲಿ ಆಂಬುಲೆನ್ಸ್ ಬಂದಿತ್ತು. ಕಚೇರಿಯವರು ಒಂದು ಕಾಗದ ತಂದರು. ಬೆಳಿಗ್ಗೆ ಡಾಕ್ಟರ ಸಹಿಯಿಲ್ಲದೆ ಮಗು ಹೊರಗೆ ಹೋದದ್ದಕ್ಕೆ ಯಾರಾದರೊಬ್ಬರು ಹೊಣೆಯಾಗಬೇಕಾಗಿತ್ತು. ಮೇಜಿನ ಈಚೆ ನಿಮಿಯಾ, ಆಚೆ ನಾನು. ನನಗೆ ಕಾಗದ ತಲೆಕೆಳಗಾಗಿ ಕಾಣುತ್ತಿತ್ತು, ಆದರೂ ಓದಿದೆ: ‘ವೈದ್ಯರ ಸಲಹೆ ಮೀರಿ ತಾಯಿ ಸ್ವಂತ ಇಚ್ಛೆಯಿಂದ ಮಗುವನ್ನು ಕರೆದೊಯ್ದಿದ್ದಾರೆ.’ ನಿಮಿಯಾ ಸಹಿ ಹಾಕಿದಳು. ನಾನು ಸುಮ್ಮನಿದ್ದೆ.

ನನ್ನದು ಆಗ ವರ್ಷ ವರ್ಷ ಮುಂದುವರಿಸುವ ಕೆಲಸ, ಮಾರ್ಚಿನಲ್ಲಿ ಅವಧಿ ಮುಗಿಯುತ್ತಿತ್ತು. ಹೇಳಿದ್ದರೆ ಮುಂದುವರಿಸುತ್ತಿರಲಿಲ್ಲ. ಕಾರಣ ಸುಳ್ಳಲ್ಲ, ಆದರೆ ಹದಿಮೂರು ವರ್ಷ ಅದನ್ನೇ ಹೊದ್ದು ಮಲಗಿದರೂ ಮೈ ಬೆಚ್ಚಗಾಗಲಿಲ್ಲ. ನೀನು ಬದುಕಿದೆ. ಒಂಬತ್ತನೇ ದಿನ ಕಡ್ಡಿಯಂಥ ಕುತ್ತಿಗೆ ಹೊತ್ತು ಮನೆಗೆ ಬಂದೆ, ಹೆಮಟೋಕ್ರಿಟ್ ಮೂವತ್ತನಾಲ್ಕು, ಪ್ಲೇಟ್ಲೆಟ್ ಎರಡು ಲಕ್ಷದ ಹತ್ತು ಸಾವಿರ. ಆ ಚೀಟಿ ಓದಿ ನಾನು ಲ್ಯಾಬಿನ ಹಿಂದೆ ಹೋಗಿ ಕೂತುಬಿಟ್ಟೆ.

ಇನ್ನೊಂದು ಇದೆ. ಅದನ್ನು ಬರೆಯಲು ಇವತ್ತು ನನ್ನಿಂದಾಗುವುದಿಲ್ಲ. ಮೊದಲು ನಿನ್ನಮ್ಮನ ಹತ್ತಿರ ಹೋಗಿ ಬರುತ್ತೇನೆ.


ಬುಧವಾರ

ಹೋಗಿದ್ದೆ. ಭಾನುವಾರ ಬಿಸಿಲಿಳಿದ ಮೇಲೆ ಬಸ್ಸಿನಲ್ಲಿ ಹೋದೆ. ಬಸ್ಸು ನಿಂತಲ್ಲೆಲ್ಲ ಇಳಿದು ವಾಪಸು ಹೋಗಲೇ ಅನಿಸುತ್ತಿತ್ತು. ನಿಮಿಯಾ ಅಂಗಳದಲ್ಲಿ ಕೂತು ಅವರೆ ಬಿಡಿಸುತ್ತಿದ್ದಳು. ನಾವು ಮಾತೇ ಬಿಟ್ಟವರಲ್ಲ ಅಂತ ನಿನಗೆ ಗೊತ್ತು. ಹಬ್ಬಕ್ಕೆ, ಸಾವಿಗೆ, ನಿನ್ನ ಪರೀಕ್ಷೆಯ ಫಲಿತಾಂಶಕ್ಕೆ ಎರಡೆರಡು ಮಾತು ಆಡುತ್ತೇವೆ. ಆದರೆ ಹದಿಮೂರು ವರ್ಷದಲ್ಲಿ ಅವಳು ನನ್ನ ಮನೆಯ ಗೇಟು ದಾಟಿಲ್ಲ. ನೀನೂ ಅದನ್ನು ಕೇಳಿದ್ದೆ, ನಾನು ಅವಳಿಗೆ ಬಿಡುವಿಲ್ಲ ಅಂದಿದ್ದೆ.

ನಿನ್ನ ಸಂದೇಶ ತೋರಿಸಿದೆ. ಓದಿ ಫೋನು ವಾಪಸು ಕೊಟ್ಟಳು, ಮತ್ತೆ ಅವರೆಗೆ ಕೈ ಹಾಕಿದಳು. ದಾರಿಯಲ್ಲಿ ಜೋಡಿಸಿಕೊಂಡ ಮಾತೆಲ್ಲ ಹಾರಿಹೋಯಿತು. ಕಡೆಗೆ ಇಷ್ಟು ಅಂದೆ: ‘ಅವತ್ತು ಪರವಾಗಿಲ್ಲ ಅಂದಿದ್ದು ನಾನು.’

‘ಗೊತ್ತು. ಕೇಳಿಸ್ಕೊಂಡೋಳು ನಾನೇ ಅಲ್ವಾ.’

ಯಾಕೆ ಸಹಿ ಹಾಕಿದೆ ಅಂತ ಕೇಳಿದೆ. ಅವಳು ನಕ್ಕಳು, ಚೆನ್ನಾಗಿರುವ ನಗೆಯಲ್ಲ. ಆ ಕಾಗದ ಓದಲೇ ಇಲ್ಲವಂತೆ. ಆಂಬುಲೆನ್ಸಿನ ಎಂಜಿನ್ ಶುರುವಾಗಿತ್ತು, ಇದೇ ಮನೆ ಬರೆದುಕೊಡು ಅಂದಿದ್ದರೂ ಬರೆದುಕೊಡುತ್ತಿದ್ದೆ ಅಂದಳು. ಅದರಲ್ಲಿ ಏನಿತ್ತು ಅಂತ ಗೊತ್ತಾದದ್ದು ನೀನು ಮನೆಗೆ ಬಂದ ಮೇಲೆ, ಆಸ್ಪತ್ರೆಯವರಿಂದ ಕೇಳಿಕೊಂಡು ಬಂದ ಅತ್ತೆಯ ಬಾಯಿಂದ. ಕಾದಳಂತೆ, ಅಕ್ಕ ಬಂದು ಹೇಳುತ್ತಾಳೆ ಅಂತ. ಈಸ್ಟರ್ ಆಯಿತು, ಮಳೆ ಬಂತು, ನಿನ್ನನ್ನು ಶಾಲೆಗೆ ಸೇರಿಸಿದಳು. ಆಮೇಲೆ ಕಾಯುವುದು ಬಿಟ್ಟಳು.

ಇನ್ನೊಂದು ಇದೆ ಅಂದಿದ್ದೆನಲ್ಲ, ಅದನ್ನು ನಾನು ಎತ್ತುವ ಮೊದಲೇ ಅವಳೇ ಎತ್ತಿದಳು. ನೀನು ಬದುಕಿ ಬಂದ ಮೇಲೆ ನಿನ್ನನ್ನು ನೋಡಲು ಊರವರೆಲ್ಲ ಅಜ್ಜಿಯ ಮನೆಗೆ ಬಂದಿದ್ದ ಭಾನುವಾರದ ಮಾತು ಅದು. ಜಗಲಿಯಲ್ಲಿ ಸುತ್ತ ಕೂತು ತೆರೆರೆ ಕುಡಿಯುತ್ತಿದ್ದೆವು, ತಣ್ಣೀರು ಹೊಯ್ದ ಎಲೆಯ ಬುರುಡೆ ಕೈಯಿಂದ ಕೈಗೆ ಹೋಗುತ್ತಿತ್ತು. ದೆಯೊಲಿಂದಾ ಹೊಸಿಲಲ್ಲಿ ನಿಂತು, ಹೆತ್ತವಳೇ ಮಗುವನ್ನು ಕೊಲ್ಲಲು ಹೊರಟಿದ್ದಳು ಅಂತ ಎಲ್ಲರೆದುರು ಅಂದಳು. ನಿಮಿಯಾ ನನ್ನ ಕಡೆ ನೋಡಿದಳು. ಬುರುಡೆ ಆಗ ನನ್ನ ಕೈಗೆ ಬಂದಿತ್ತು. ನಾನು ತಲೆ ತಗ್ಗಿಸಿ ಕುಡಿದೆ, ಕುಡಿದು ಪಕ್ಕದವರಿಗೆ ದಾಟಿಸಿದೆ.

‘ಕೆಲಸದಲ್ಲಿ ತಪ್ಪಾಗತ್ತೆ ಅಕ್ಕ,’ ಅಂದಳು ನಿಮಿಯಾ. ‘ಅರವತ್ತು ಮಕ್ಕಳ ರಕ್ತ ಇತ್ತು ನಿನ್ನ ಮುಂದೆ, ನಾನೂ ನೋಡಿದೀನಿ. ಅದಕ್ಕೆ ನನಗೆ ಸಿಟ್ಟಿಲ್ಲ. ಅವತ್ತು ಅತ್ತೆ ನನ್ನನ್ನ ಅಷ್ಟು ಜನರ ಮುಂದೆ ಬೈತಿದ್ರೆ ನೀನು ತೆರೆರೆ ಕುಡೀತಾ ಕೂತಿದ್ದೆ. ಅದಕ್ಕೆ.’

ಯೆರುತಿ, ನಾನು ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ, ಮಾಡಲಿ ಅಂತ ನಾನೂ ಬಯಸಲಿಲ್ಲ. ಮಗಳಿಗಾದರೂ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಅವರೆಯ ಸಿಪ್ಪೆಯನ್ನು ಮಡಿಲಿಂದ ಕೊಡವಿ ಎದ್ದಳು. ‘ಅವಳಪ್ಪ ಬರೋದು ಬಿಟ್ಟ. ಅಜ್ಜಿ ಹಾಗೆ. ಇನ್ನು ಉಳಿದಿದ್ದು ನೀನು, ನಾನು. ನಿನ್ನನ್ನೂ ಅವಳ ಕೈಯಿಂದ ಕಿತ್ಕೊಳ್ಲಾ?’ ಅಂದಳು.

ಸೋಮವಾರ ಎಲ್ಲವನ್ನೂ ಒಂದು ಅರ್ಜಿಯಲ್ಲಿ ಬರೆದು ಆಸ್ಪತ್ರೆಯ ಕಚೇರಿಗೆ ಕೊಟ್ಟೆ. ಈಗ ನನ್ನ ಕೆಲಸ ಕಾಯಂ, ಧೈರ್ಯ ಅಂತ ಹೊಗಳಿಕೊಳ್ಳುವ ಹಾಗಿಲ್ಲ. ಗುಮಾಸ್ತೆ ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿದಳು, ಹಿಂದಿನ ಕೋಣೆಗೆ ಹೋಗಿ ಹುಡುಕಿದಳು. ಅಷ್ಟು ಹಳೆಯ ಕಡತಗಳನ್ನೆಲ್ಲ ಎರಡು ವರ್ಷದ ಹಿಂದೆಯೇ ಸುಟ್ಟರಂತೆ. ಇದನ್ನು ಯಾವುದಕ್ಕೆ ಸೇರಿಸಲಿ ಸೆನ್ಯೋರಾ ಅಂತ ನನ್ನನ್ನೇ ಕೇಳಿದಳು. ನಿನ್ನಮ್ಮ ಸಹಿ ಹಾಕಿದ ಆ ವಾಕ್ಯ ಈಗ ಯಾವ ಕಾಗದದಲ್ಲೂ ಇಲ್ಲ. ಬರೀ ಜನರ ಬಾಯಲ್ಲಿ ಇದೆ.

ಹಾಗಾಗಿ ನಿನ್ನೆ ದೆಯೊಲಿಂದಾಳ ಹತ್ತಿರ ಹೋದೆ. ಬೇಕೆಂದೇ ಮಂಗಳವಾರ ಹೋದೆ, ಜಪಮಾಲೆಗೆ ಹೆಂಗಸರೆಲ್ಲ ಅವಳ ಜಗಲಿಯಲ್ಲಿ ಸೇರುವ ದಿನ. ಕೂರು ಅಂದರು, ಕೂರಲಿಲ್ಲ. ನಿಂತೇ ಹೇಳಿದೆ. ಸ್ಟ್ಯಾಂಡಿನಲ್ಲಿ ಬಿಟ್ಟ ನಳಿಕೆ, ಕಿಟಕಿಯಲ್ಲಿ ಆಡಿದ ಮಾತು, ತಲೆಕೆಳಗಾಗಿ ಓದಿದ ಕಾಗದ, ಒಂದನ್ನೂ ಬಿಡಲಿಲ್ಲ. ನಡುವೆ ಒಬ್ಬಳು, ಅಯ್ಯೋ ಸುನಿಲ್ದಾ, ಇಷ್ಟು ವರ್ಷದ ಮೇಲೆ ಇದೆಲ್ಲ ಯಾಕೆ ಅಂದಳು. ದೆಯೊಲಿಂದಾ ಅವಳಿಗೆ ಸುಮ್ಮನಿರು ಅಂತ ಕೈ ಸನ್ನೆ ಮಾಡಿದಳು. ಮುಗಿದ ಮೇಲೆ ಜಪಮಾಲೆಯ ಒಂದೇ ಮಣಿಯನ್ನು ಹೊರಳಿಸುತ್ತಾ ಕೂತಿದ್ದಳು. ಬೈಯುತ್ತಾಳೆ ಅಂತ ಕಾದೆ.

‘ಮಲಗಲಿ ಬಿಡು ಅಂದಿದ್ದು ನಾನು,’ ಅಂದಳು. ‘ಕಾಲು ತಣ್ಣಗಾಗಿತ್ತು, ನನಗೂ ಗೊತ್ತಾಗಿತ್ತು. ನೆರಳಿನ ತಂಪಿಗೆ ಅಂದ್ಕೊಂಡೆ.’

ಹದಿಮೂರು ವರ್ಷ ಆ ಮುದುಕಿ ಅದನ್ನು ಎಲ್ಲಿ ಬಚ್ಚಿಟ್ಟಿದ್ದಳೋ. ನಾನು ಬಚ್ಚಿಟ್ಟ ಜಾಗದಲ್ಲೇ ಇರಬೇಕು, ನಿನ್ನಮ್ಮನ ತಲೆಯ ಮೇಲೆ. ಅವಳು ನಿಮಿಯಾಳ ಹತ್ತಿರ ಹೋಗುತ್ತಾಳೋ ಇಲ್ಲವೋ ಗೊತ್ತಿಲ್ಲ. ಮಗನಿಗೆ ಫೋನು ಹಚ್ಚಿಕೊಡು ಅಂತ ಪಕ್ಕದವಳನ್ನು ಕೇಳುತ್ತಿದ್ದದ್ದು ನಾನು ಮೆಟ್ಟಿಲು ಇಳಿಯುವಾಗ ಕಿವಿಗೆ ಬಿತ್ತು.

ಇಲ್ಲಿಯವರೆಗೆ ಬರೆದದ್ದನ್ನು ಇವತ್ತು ಸಂಜೆ ನಿಮಿಯಾಳಿಗೆ ಕೊಟ್ಟು ಬರುತ್ತೇನೆ. ಅವಳ ಕಥೆ, ಅವಳು ನೋಡದೆ ಇದು ಬಸ್ಸು ಹತ್ತುವುದು ಸರಿಯಲ್ಲ.


ಶುಕ್ರವಾರ, ಬೆಳಿಗ್ಗೆ

ಬುಧವಾರ ಹೋದಾಗ ನಾನು ಓದಲ್ಲ ಅಂದಳು. ಮೇಜಿನ ಮೇಲಿಟ್ಟು ಬಂದೆ. ನಿನ್ನೆ ಇಡೀ ದಿನ ಲ್ಯಾಬಿನಲ್ಲಿ ಪ್ರತಿ ಚೀಟಿಯನ್ನೂ ಎರಡೆರಡು ಸಲ ನೋಡಿದೆ. ಈ ವರ್ಷವೂ ಮಕ್ಕಳು ಬರತೊಡಗಿವೆ. ನಿನ್ನೆ ಒಬ್ಬ ಹುಡುಗನ ಜ್ವರ ಬಿಟ್ಟು ಹೆಮಟೋಕ್ರಿಟ್ ಏರಿತ್ತು. ಚೀಟಿ ಕಳಿಸಿ ಸುಮ್ಮನಿರದೆ ನಾನೇ ವಾರ್ಡಿಗೆ ಹೋಗಿ ಡಾಕ್ಟರ ಕೈಗೆ ಕೊಟ್ಟು, ಅವರು ಓದುವವರೆಗೂ ನಿಂತಿದ್ದೆ. ನಿನ್ನ ಕೆಲಸದಲ್ಲಿ ನೀನೂ ಹಾಗೆ ಮಾಡು. ಮಗು ನಕ್ಕಿತು, ಊಟ ಕೇಳಿತು ಅಂತ ತಾಯಿ ಸಂತೋಷಪಡುವ ಬೆಳಿಗ್ಗೆ, ಇನ್ನೊಂದು ಸಲ ರಕ್ತ ನೋಡು. ಪಕ್ಕದಲ್ಲಿ ಹಿಂದಿನ ದಿನದ ಅಂಕಿ ಇಟ್ಟುಕೊಂಡು ನೋಡು.

ಇವತ್ತು ಬೆಳಿಗ್ಗೆ ಏಳಕ್ಕೆ ಗೇಟಿನ ಹೊರಗೆ ಯಾರೋ ನನ್ನನ್ನು ಕರೆಯಲು ಚಪ್ಪಾಳೆ ತಟ್ಟಿದ್ದು ಕೇಳಿಸಿತು. ನಿನ್ನಮ್ಮ. ಕೈಯಲ್ಲಿ ಈ ಕಾಗದಗಳು. ಹದಿಮೂರು ವರ್ಷದ ನಂತರ ನನ್ನ ಗೇಟಿನ ಮುಂದೆ ನಿಂತಿದ್ದಳು. ಒಳಗೆ ಬಾ ಅಂದೆ. ಇವತ್ತು ಬೇಡ ಅಂದಳು. ಬೇಡ ಅನ್ನುವ ಮುಂಚೆ ‘ಇವತ್ತು’ ಅಂದಳಲ್ಲ, ಆಗಿನಿಂದ ನಾನು ಅದೊಂದು ಮಾತನ್ನೇ ಹಿಡಿದುಕೊಂಡು ಮನೆಯೊಳಗೆ ಶತಪಥ ಹಾಕುತ್ತಿದ್ದೇನೆ.

ಕಾಗದ ಪೂರ್ತಿ ಓದಿದ್ದಾಳೆ. ಒಂದು ಅಕ್ಷರವನ್ನೂ ತಿದ್ದಿಲ್ಲ, ನನ್ನನ್ನು ಉಳಿಸುವ ಒಂದು ಮಾತನ್ನೂ ಸೇರಿಸಿಲ್ಲ. ಬುಧವಾರದ ಭಾಗದ ಕೊನೆಯಲ್ಲಿ ಮಾತ್ರ ಒಂದು ಸಾಲನ್ನು ದಪ್ಪಗೆ ಹೊಡೆದು ಹಾಕಿದ್ದಾಳೆ, ನಿನಗೂ ಕಾಣುತ್ತದೆ. ಅಲ್ಲಿ ನಾನು, ಅಮ್ಮನಿಗೆ ಫೋನು ಮಾಡಿ ಕ್ಷಮೆ ಕೇಳು ಅಂತ ನಿನಗೆ ಬರೆದಿದ್ದೆ. ಯಾಕೆ ಹೊಡೆದೆ ಅಂತ ಕೇಳಿದೆ.

‘ಕ್ಷಮೆ ಗಿಮೆ ಏನೂ ಬೇಡ,’ ಅಂದಳು. ‘ಊಟ ಆಯ್ತಾ ಅಂತ ಕೇಳಿದ್ರೆ ಸಾಕು.’

ಬಸ್ಸು ಹನ್ನೊಂದಕ್ಕೆ ಹೊರಡುತ್ತದೆ, ಕಾಗದವನ್ನು ಚಾಲಕನ ಕೈಗೇ ಕೊಡುತ್ತೇನೆ. ನನಗೆ ಉತ್ತರ ಬರೆಯುವ ಆತುರ ಬೇಡ. ಬರೆಯಲೇಬೇಕು ಅಂತಲೂ ಇಲ್ಲ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಅದು ಇಷ್ಟು ವರ್ಷ ತಪ್ಪಾದ ವಿಳಾಸಕ್ಕೆ ಹೋಗುತ್ತಿತ್ತು.

ಕಾಕುಪೆಯ ಮಾತೆ ನಿನ್ನನ್ನು ಕಾಯಲಿ ಮಗಳೇ. ಹೆದರಿದ ಮಕ್ಕಳ ಸಣ್ಣ ನರ ನಿನ್ನ ಕೈಗೆ ಮೊದಲ ಸಲಕ್ಕೇ ಸಿಗಲಿ.

ನಿನ್ನ ದೊಡ್ಡಮ್ಮ,
ಸುನಿಲ್ದಾ